ಹತ್ತು ಸಾವಿರ ಕುಣಿಕೆಗೆ ಸೊನ್ನೆ ಕೂಲಿ

“ಉಲ್ಲನ್ ದುಡ್ಡು ಕೊಡ್ತೀನಿ ಆಂಟಿ, ನಂಗೂ ಒಂದು ಹೆಣೆದುಕೊಡಿ. ಹೇಗೂ ಮನೇಲೇ ಇರ್ತೀರಲ್ಲ, ಟೈಂಪಾಸ್ ಆಗುತ್ತೆ.”

ಕೈಯಲ್ಲಿ ಕಡ್ಡಿ ಹಿಡಿದ ಹೆಂಗಸರಲ್ಲಿ ಈ ಮಾತು ಕಿವಿಗೆ ಬೀಳದವರು ಬಹಳ ಕಡಿಮೆ. ಆಡಿದವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ, ಪ್ರೀತಿಯಿಂದಲೇ ಕೇಳಿರುತ್ತಾರೆ. ಕೇಳಿಸಿಕೊಂಡವರೂ ನಕ್ಕು “ಆಯ್ತಮ್ಮ, ಯಾವ ಬಣ್ಣ ಬೇಕು?” ಅನ್ನುತ್ತಾರೆ. ಅಷ್ಟರಲ್ಲಿ ಹತ್ತು ಗಂಟೆಯ ದುಡಿಮೆಯ ಬೆಲೆ ಸೊನ್ನೆ ಎಂದು ಇಬ್ಬರೂ ಸೇರಿ ತೀರ್ಮಾನಿಸಿ ಆಗಿರುತ್ತದೆ.

ಹೆಣಿಗೆ ಎಂದರೆ ಬಿಡುವಿನ ಕೆಲಸ, ಕೈ ಖಾಲಿ ಇರಬಾರದೆಂದು ಮಾಡುವ ಕೆಲಸ, ಅದಕ್ಕೆ ತಲೆ ಬೇಡ, ಹಾಗಾಗಿ ಕೂಲಿಯೂ ಬೇಡ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಅದೊಂದು ಅಭಿಪ್ರಾಯ ಎಂದೂ ಯಾರಿಗೂ ಅನಿಸುವುದಿಲ್ಲ. ಬಸುರಿಯ ಮನೆಗೆ ಕುಲಾವಿ ಬೇಕು, ಕಾಲುಚೀಲ ಬೇಕು, ಪುಟ್ಟ ಸ್ವೆಟರ್ ಬೇಕು. ಅವು ಎಲ್ಲಿಂದಲೋ ತಾವಾಗಿ ಬರುತ್ತವೆ ಎಂಬಂತೆ ಮನೆಯವರೆಲ್ಲ ಇರುತ್ತಾರೆ. ಈ ನಂಬಿಕೆ ತಪ್ಪು ಎಂದಷ್ಟೇ ಹೇಳಿ ಬಿಡುವಂತಿಲ್ಲ. ಇದು ಹಾನಿಕರ. ಲಕ್ಷಾಂತರ ಹೆಂಗಸರ ಕೌಶಲವನ್ನು ಇದು ಲೆಕ್ಕದ ಪುಸ್ತಕದಿಂದ ಅಳಿಸಿಹಾಕಿದೆ.

ಮೊದಲು ತಲೆ ಬೇಡ ಎಂಬ ಮಾತನ್ನು ಪರೀಕ್ಷಿಸಬೇಕು. ಅದಕ್ಕೆ ಒಂದು ಚಿಕ್ಕ ವಸ್ತು ಸಾಕು. ಕತ್ತಿಗೆ ಹಾಕಿಕೊಳ್ಳುವ ಕೌಲ್. ಮಫ್ಲರಿನ ಎರಡು ತುದಿ ಸೇರಿಸಿದಂತೆ ಇರುವ ಬಳೆಯಾಕಾರದ ಪಟ್ಟಿ. ತೋಳಿಲ್ಲ, ಗುಂಡಿಯಿಲ್ಲ, ಕಾಲರ್ ಇಲ್ಲ. ಹೊಸದಾಗಿ ಕಲಿಯುವವರಿಗೆ ಇದನ್ನೇ ಮೊದಲು ಕೊಡುತ್ತಾರೆ. ಇದನ್ನು ಮಲ್ಟಿಕಲರ್ ಉಲ್ಲನ್‌ನಲ್ಲಿ, ಮೈಮೇಲೆ ಉಬ್ಬುತಗ್ಗಿನ ವಿನ್ಯಾಸ ಬರುವ ಹಾಗೆ ಹೆಣೆಯುವುದಾದರೆ ಏನೇನು ಯೋಚಿಸಬೇಕು?

ಕೈಯಲ್ಲಿ ಬಣ್ಣ ಹಾಕಿದ ಉಲ್ಲನ್ ಲಡಿಯನ್ನು ಬಿಚ್ಚಿ ಹರಡಿದರೆ ಅದೊಂದು ದೊಡ್ಡ ಬಳೆ, ಸಾಮಾನ್ಯವಾಗಿ ಒಂದೂವರೆಯಿಂದ 1.8 ಮೀಟರ್ ಸುತ್ತಳತೆ. ಬಣ್ಣ ಹಾಕುವವರು ಅದರ ಒಂದು ಪಾಲನ್ನು ನೀಲಿಗೆ, ಒಂದು ಪಾಲನ್ನು ಹಸಿರಿಗೆ, ಉಳಿದದ್ದನ್ನು ಅರಿಸಿನದ ಬಣ್ಣಕ್ಕೆ ಅದ್ದಿರುತ್ತಾರೆ. ಆದ್ದರಿಂದ ಒಂದು ಬಳೆಯಷ್ಟು ದಾರ ಖರ್ಚಾದ ಕೂಡಲೇ ಅವೇ ಬಣ್ಣಗಳು ಅದೇ ಕ್ರಮದಲ್ಲಿ ಮರಳಿ ಬರುತ್ತವೆ. ಇನ್ನು ಕೌಲ್‌ನ ಲೆಕ್ಕ. ಹತ್ತು ಸೆಂಟಿಮೀಟರಿಗೆ 20 ಕುಣಿಕೆ ಬರುವ ಹೆಣಿಗೆಯಲ್ಲಿ 60 ಸೆಂಟಿಮೀಟರ್ ಸುತ್ತಿಗೆ 120 ಕುಣಿಕೆ ಬೇಕು. ಒಂದೊಂದು ಕುಣಿಕೆಯೂ ತನ್ನ ಅಗಲದ ಸುಮಾರು ಮೂರು ಪಟ್ಟು ದಾರವನ್ನು ತಿನ್ನುತ್ತದೆ. ಅಂದರೆ ಒಂದು ಸುತ್ತಿಗೆ ಹೆಚ್ಚುಕಡಿಮೆ 180 ಸೆಂಟಿಮೀಟರ್ ದಾರ. ಲಡಿಯ ಸುತ್ತಳತೆಯೂ ಅಷ್ಟೇ ಇದ್ದುಬಿಟ್ಟರೆ ಪ್ರತಿ ಸುತ್ತಿನಲ್ಲೂ ನೀಲಿಯ ಮೇಲೆ ನೀಲಿ, ಅರಿಸಿನದ ಮೇಲೆ ಅರಿಸಿನ ಬಂದು ಕೂರುತ್ತದೆ. ಅಂಗಡಿಯಲ್ಲಿ ಕಾಮನಬಿಲ್ಲಿನಂತೆ ಕಂಡ ಉಲ್ಲನ್ ಕತ್ತಿನ ಮೇಲೆ ದೊಡ್ಡ ದೊಡ್ಡ ಕಲೆಗಳಾಗಿ ಬಿಡುತ್ತದೆ. ಹೆಣೆಯುವವರು ಇದನ್ನು ಪೂಲಿಂಗ್ ಎನ್ನುತ್ತಾರೆ.

‘ಬಣ್ಣದ ಉಲ್ಲನ್ ಇದ್ದಮೇಲೆ ಎಲ್ಲವನ್ನೂ ಅದೇ ಮಾಡುತ್ತದೆ, ಹೆಣೆಯುವವರು ಸುಮ್ಮನೆ ಕೈ ಆಡಿಸಿದರಾಯಿತು’ ಎನ್ನುವವರು ಈ ಕಲೆಗಳನ್ನು ನೋಡಬೇಕು. ಉಲ್ಲನ್ ತಾನಾಗಿ ಮಾಡುವ ಕೆಲಸ ಅದು.

ಅದನ್ನು ತಪ್ಪಿಸುವುದು ಹೆಣೆಯುವವರ ಬುದ್ಧಿ. ಒಂದು ದಾರಿ ಮಾಸ್ ಸ್ಟಿಚ್. ಒಂದು ಕುಣಿಕೆ ಸೀದಾ, ಮುಂದಿನದು ಉಲ್ಟಾ. ಮುಂದಿನ ಸುತ್ತಿನಲ್ಲಿ ಸೀದಾ ಇದ್ದಲ್ಲಿ ಉಲ್ಟಾ, ಉಲ್ಟಾ ಇದ್ದಲ್ಲಿ ಸೀದಾ. ಉಲ್ಟಾ ಹೆಣೆದಾಗೆಲ್ಲ ಹಿಂದಿನ ಸುತ್ತಿನ ಬಣ್ಣದ ಒಂದು ಗುಬುಟು ಮುಂದಕ್ಕೆ ಬಂದು ಈಗಿನ ಬಣ್ಣದ ನಡುವೆ ಕೂರುತ್ತದೆ. ನೀಲಿಯೊಳಗೆ ಹಸಿರು, ಹಸಿರೊಳಗೆ ಅರಿಸಿನ ಬೆರೆತು ಗಡಿಗಳು ಕರಗುತ್ತವೆ. ಇನ್ನೊಂದು ದಾರಿ ಲಿನನ್ ಸ್ಟಿಚ್. ಒಂದು ಕುಣಿಕೆ ಹೆಣೆದು, ಮುಂದಿನದನ್ನು ಹೆಣೆಯದೆ ಎಡಗಡ್ಡಿಯಿಂದ ಬಲಗಡ್ಡಿಗೆ ದಾಟಿಸಿ, ದಾರವನ್ನು ಅದರ ಮುಂದೆ ಹಾಯಿಸಬೇಕು. ದಾಟಿಸಿದ ಕುಣಿಕೆ ಹಳೆಯ ಬಣ್ಣವನ್ನು ಹೊಸ ಸುತ್ತಿಗೆ ಎಳೆದು ತರುತ್ತದೆ. ಮುಗಿದ ಮೇಲೆ ಹೆಣೆದದ್ದೋ ಮಗ್ಗದಲ್ಲಿ ನೇಯ್ದದ್ದೋ ಎಂದು ಗುರುತಿಸುವುದೇ ಕಷ್ಟ. ಇದೇ ಉಲ್ಲನ್‌ನಲ್ಲಿ ಜಡೆಯ ವಿನ್ಯಾಸ ಹಾಕಿದರೆ ಬಣ್ಣದ ಗದ್ದಲದಲ್ಲಿ ಜಡೆಯೇ ಕಾಣದೆ ಹೋಗುತ್ತದೆ. ಯಾವ ಉಲ್ಲನ್‌ಗೆ ಯಾವ ವಿನ್ಯಾಸ ಎಂಬುದು ವರ್ಷಗಟ್ಟಲೆ ಹೆಣೆದು, ಬಿಚ್ಚಿ, ಮತ್ತೆ ಹೆಣೆದು ಗಳಿಸುವ ವಿವೇಕ.

ಇನ್ನೂ ಒಂದು ಸೂಕ್ಷ್ಮವಿದೆ. ಈ ಎರಡೂ ವಿನ್ಯಾಸವನ್ನು ಸುತ್ತಾಗಿ ಹೆಣೆಯುವಾಗ 120 ಕುಣಿಕೆ ಹಾಕಿದರೆ ಸುತ್ತು ಮುಗಿದಾಗಲೆಲ್ಲ ಕ್ರಮವನ್ನು ನೆನಪಿಟ್ಟು ತಿರುಗಿಸಬೇಕು. 121 ಹಾಕಿದರೆ ಆ ತೊಂದರೆಯೇ ಇಲ್ಲ. ಬೆಸಸಂಖ್ಯೆಯಾದ್ದರಿಂದ ಒಂದು ಸೀದಾ ಒಂದು ಉಲ್ಟಾ ಎಂದೋ, ಒಂದು ಹೆಣೆದು ಒಂದು ದಾಟಿಸಿಯೋ ಹೋದಂತೆ ಪ್ರತಿ ಸುತ್ತೂ ತಾನಾಗಿ ಅದಲುಬದಲಾಗುತ್ತದೆ. ಆ ಒಂದೇ ಒಂದು ಹೆಚ್ಚುವರಿ ಕುಣಿಕೆಯಲ್ಲಿ ಸಮ-ಬೆಸದ ಗಣಿತ ಅಡಗಿದೆ. ಇದನ್ನು ಕಂಡುಕೊಂಡ ಅಜ್ಜಿಯರಿಗೆ ಯಾರೂ ಗಣಿತಜ್ಞೆ ಎನ್ನಲಿಲ್ಲ. ಮನೆಯಲ್ಲಿ ಕೂತ ಹೆಂಗಸು ಎಂದರು.

ವಿಜ್ಞಾನಿಗಳಿಗೆ ಈ ಕೆಲಸದ ಆಳ ಅರ್ಥವಾಗಿದೆ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಭೌತವಿಜ್ಞಾನಿ ಎಲಿಸಬೆಟ್ಟಾ ಮಾತ್ಸುಮೊಟೊ ಅವರ ತಂಡ ವರ್ಷಗಳಿಂದ ಹೆಣಿಗೆಯನ್ನೇ ಅಭ್ಯಸಿಸುತ್ತಿದೆ. ಆ ತಂಡದ ಸಂಶೋಧನೆ 2024ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೇ ದಾರ, ಸೀದಾ ಮತ್ತು ಉಲ್ಟಾ ಎಂಬ ಎರಡೇ ಕುಣಿಕೆ. ಅವನ್ನು ಜೋಡಿಸುವ ಕ್ರಮ ಬದಲಾದರೆ ಬಟ್ಟೆ ಹಿಗ್ಗುವ, ಬಿಗಿಯುವ ಗುಣವೇ ಬದಲಾಗುತ್ತದೆ ಎಂದು ಅದು ಅಳೆದು ತೋರಿಸಿತು. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ತೈಮಿನಾ ಅವರು ಹೈಪರ್ಬಾಲಿಕ್ ಜ್ಯಾಮಿತಿಯ ಮೇಲ್ಮೈಯನ್ನು ವಿದ್ಯಾರ್ಥಿಗಳ ಕೈಗೆ ಕೊಡಲು ಆರಿಸಿಕೊಂಡದ್ದು ಕ್ರೋಶಾ ಕಡ್ಡಿಯನ್ನು. ಕಾಗದದ ಮಾದರಿಗಳು ಹರಿದುಹೋಗುತ್ತಿದ್ದವು, ಕ್ರೋಶಾ ಹಾಕಿದ ಮಾದರಿ ಉಳಿಯಿತು. ಪ್ರಯೋಗಾಲಯದಲ್ಲಿ ಸಂಶೋಧನೆಯಾಗುವ ಇದೇ ಕೆಲಸ ಪಡಸಾಲೆಯಲ್ಲಿ ಟೈಂಪಾಸ್ ಆಗುವುದು ಹೇಗೆ?

ಎರಡನೆಯದು ಬಿಡುವಿನ ಮಾತು. ಯಾವ ಬಿಡುವು? ಯಾರ ಬಿಡುವು?

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 97 ನಿಮಿಷ ಎಂದು ಅದು ದಾಖಲಿಸಿತು. ಸುಮಾರು ಐದು ಗಂಟೆ ಸಂಬಳವಿಲ್ಲದೆ ದುಡಿದ ಮೇಲೆ ಆ ಹೆಂಗಸು ಕಡ್ಡಿ ಕೈಗೆತ್ತಿಕೊಳ್ಳುತ್ತಾಳೆ. ಕುಕ್ಕರ್ ಮೂರನೆಯ ಸೀಟಿ ಹಾಕುವವರೆಗೆ ಎರಡು ಸಾಲು, ಮಗು ಟ್ಯೂಷನ್ ಮುಗಿಸಿ ಬರುವವರೆಗೆ ನಾಲ್ಕು ಸಾಲು. ಬಿಡುವು ಸಿಕ್ಕಿತೆಂದು ಆಕೆ ಹೆಣೆಯುತ್ತಿಲ್ಲ. ತನ್ನ ವಿಶ್ರಾಂತಿಯನ್ನು ಕತ್ತರಿಸಿ ಹೆಣೆಯುತ್ತಿದ್ದಾಳೆ. ಅದನ್ನು ಬಿಡುವು ಎಂದು ಕರೆಯುವುದು ಆಕೆಯ ದಿನವನ್ನು ಒಮ್ಮೆಯೂ ನೋಡದವರು.

ಆ ಕೌಲ್‌ನ ಗಂಟೆಗಳನ್ನೇ ಎಣಿಸಿದರಾಯಿತು. 121 ಕುಣಿಕೆಯ 85 ಸುತ್ತು ಹಾಕಿದರೆ ಎತ್ತರ ಸುಮಾರು 25 ಸೆಂಟಿಮೀಟರ್. ಒಟ್ಟು 10,285 ಕುಣಿಕೆ. ಮಾಸ್ ಸ್ಟಿಚ್‌ನಲ್ಲಿ ಪ್ರತಿ ಕುಣಿಕೆಗೂ ದಾರವನ್ನು ಹಿಂದಕ್ಕೆ ಮುಂದಕ್ಕೆ ತರಬೇಕು. ಆದರೂ ನಿಮಿಷಕ್ಕೆ 20 ಕುಣಿಕೆ ಎಂದು ಹಿಡಿದರೆ ಎಂಟೂವರೆ ಗಂಟೆ. ಮೊದಲು ಹೆಣೆದು ನೋಡುವ ಮಾದರಿ ತುಂಡು, ಲಡಿಯನ್ನು ಉಂಡೆ ಸುತ್ತುವುದು, ತುದಿ ದಾರಗಳನ್ನು ಒಳಗೆ ಸೇರಿಸುವುದು, ಒಗೆದು ಅಳತೆಗೆ ಎಳೆದು ಒಣಗಿಸುವುದು ಸೇರಿದರೆ ಹತ್ತು ಗಂಟೆ ದಾಟುತ್ತದೆ. ಮೊದಲ ಸುತ್ತನ್ನು ಜೋಡಿಸುವಾಗ ಕುಣಿಕೆಗಳ ಸಾಲು ಒಂದು ಸಲ ತಿರುಚಿಕೊಂಡರೆ ಮುಗಿಯಿತು, ಇಡೀ ಪಟ್ಟಿಯೇ ತಿರುಚಿ ನಿಲ್ಲುತ್ತದೆ. ಬಿಚ್ಚಿ ಮತ್ತೆ ಶುರುಮಾಡುವುದಲ್ಲದೆ ಬೇರೆ ದಾರಿಯಿಲ್ಲ. ಇಷ್ಟೆಲ್ಲದಕ್ಕೆ ಸಿಗುವ ಪ್ರತಿಫಲ ‘ಉಲ್ಲನ್ ದುಡ್ಡು’. ಗಾರೆ ಕೆಲಸದವರಿಗೆ ಸಿಮೆಂಟಿನ ದುಡ್ಡು ಮಾತ್ರ ಕೊಟ್ಟು ಕಳಿಸುವ ಧೈರ್ಯ ಯಾರಿಗಿದೆ? ಅಡುಗೆ ಭಟ್ಟರಿಗೆ ಬೇಳೆಯ ಬೆಲೆ ಕೊಟ್ಟು ಕೈಮುಗಿಯುವವರು ಎಲ್ಲಿದ್ದಾರೆ?

ಮನೆಯೊಳಗಿನ ಈ ಲೆಕ್ಕ ಮನೆಯೊಳಗೇ ಉಳಿದಿದ್ದರೆ ಅದೊಂದು ಸಂಸಾರದ ಜಗಳವಾಗುತ್ತಿತ್ತು. ಅದು ಮಾರುಕಟ್ಟೆಗೆ ಹೋದಾಗ ಏನಾಗುತ್ತದೆಂದು ತಿಳಿಯಲು ಪಕ್ಕದ ಆಂಧ್ರಕ್ಕೆ ಹೋದರೆ ಸಾಕು. ಗೋದಾವರಿ ತೀರದ ನರಸಾಪುರಕ್ಕೆ 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಕ್ರೋಶಾ ಲೇಸ್ ಬಂತು. ಮುಂದೆ ಅದು ವಿದೇಶಕ್ಕೆ ರಫ್ತಾಗುವ ದೊಡ್ಡ ಉದ್ಯಮವೇ ಆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಆ ಊರುಗಳಲ್ಲಿ ಅಧ್ಯಯನ ಮಾಡಿ 1982ರಲ್ಲಿ ‘ದ ಲೇಸ್ ಮೇಕರ್ಸ್ ಆಫ್ ನರಸಾಪುರ್’ ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಲೇಸ್ ಹೆಣೆಯುವವರು ಸಾವಿರಾರು ಹೆಂಗಸರು, ವ್ಯಾಪಾರ ನಡೆಸುವವರು ಗಂಡಸರು. ಜಗತ್ತಿನ ಮಾರುಕಟ್ಟೆಗೆ ಸರಕು ಮಾಡಿಕೊಡುತ್ತಿದ್ದ ಆ ಹೆಂಗಸರನ್ನು ಕಾರ್ಮಿಕರೆಂದು ಯಾರೂ ಎಣಿಸುತ್ತಿರಲಿಲ್ಲ. ಅವರು ಗೃಹಿಣಿಯರು, ಬಿಡುವಿನಲ್ಲಿ ಲೇಸ್ ಹಾಕುತ್ತಾರೆ ಎಂದೇ ಎಲ್ಲರ ಮಾತು. ಆ ಒಂದು ಮಾತಿನ ಬಲದಿಂದಲೇ ಕೂಲಿ ತಳ ಮುಟ್ಟಿತ್ತು. ಬಿಡುವಿನಲ್ಲಿ ಮಾಡುವವಳು ಹೊಟ್ಟೆಗಾಗಿ ಮಾಡುತ್ತಿಲ್ಲ, ಹಾಗಾದರೆ ಹೊಟ್ಟೆ ತುಂಬುವಷ್ಟು ಏಕೆ ಕೊಡಬೇಕು ಎಂಬುದು ಅದರ ತರ್ಕ. ನರಸಾಪುರದ ಲೇಸ್‌ಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಊರಿನ ಹೆಸರಿಗೆ ರಕ್ಷಣೆ ದೊರೆಯಿತು. ಹೆಣೆಯುವ ಕೈಗೆ ಗಂಟೆಗಿಷ್ಟು ಎಂಬ ದರ ಆ ಮಾನ್ಯತೆಯಿಂದ ಬರುವುದಿಲ್ಲ.

ಇದು ಬಡದೇಶದ ಕಥೆ ಮಾತ್ರವೂ ಅಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಹೆಣಿಗೆ ಇಂದು ಜಗತ್ಪ್ರಸಿದ್ಧ. 19ನೇ ಶತಮಾನದಲ್ಲಿ ಅಲ್ಲಿನ ಹೆಂಗಸರು ಹೆಣೆದ ಶಾಲು, ಕಾಲುಚೀಲಗಳಿಗೆ ವ್ಯಾಪಾರಿಗಳು ಹಣ ಕೊಡುತ್ತಿರಲಿಲ್ಲ. ಬದಲಿಗೆ ತಮ್ಮದೇ ಅಂಗಡಿಯ ಚಹಾಪುಡಿ, ಬಟ್ಟೆ ಕೊಡುತ್ತಿದ್ದರು. ಆ ಚಹಾಪುಡಿಯನ್ನು ಹಿಡಿದು ಹಿಟ್ಟು, ಆಲೂಗಡ್ಡೆಗಾಗಿ ಹೆಂಗಸರು ಮನೆ ಮನೆ ತಿರುಗಬೇಕಾಗುತ್ತಿತ್ತು. ಈ ಪದ್ಧತಿಯ ವಿಚಾರಣೆಗೆ ಸರ್ಕಾರ ನೇಮಿಸಿದ ಆಯೋಗ 1872ರಲ್ಲಿ ವರದಿ ಕೊಟ್ಟಿತು. ಹೆಣೆಯುವವರು ಆಯೋಗದ ಮುಂದೆ ನಿಂತು ಹೇಳಿದ ಸಾಕ್ಷ್ಯ ಅದರಲ್ಲಿ ದಾಖಲಾಗಿದೆ. ಅಲ್ಲಿ ಹಣದ ಬದಲು ಚಹಾಪುಡಿ, ಇಲ್ಲಿ ಹಣದ ಬದಲು “ಎಷ್ಟು ಚೆನ್ನಾಗಿದೆ ಆಂಟಿ!” ಎಂಬ ಹೊಗಳಿಕೆ. ಹೊಗಳಿಕೆಗೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆಯೇ?

ಈಚೆಗೆ ಈ ನಂಬಿಕೆ ಹೊಸ ಅಂಗಿ ತೊಟ್ಟು ಬಂದಿದೆ. ಹೆಣಿಗೆ ಮನಸ್ಸಿಗೆ ಒಳ್ಳೆಯದು, ಅದೊಂದು ಧ್ಯಾನ, ಒತ್ತಡ ಕಳೆಯುವ ಔಷಧ ಎನ್ನುತ್ತಾರೆ. ಹೆಣೆಯುವಾಗ ಮನಸ್ಸು ನೆಮ್ಮದಿಯಾಗುವುದು ನಿಜ, ಅದನ್ನು ಹೆಣೆಯುವವರೇ ಹೇಳುತ್ತಾರೆ. ಆದರೆ ಆ ನೆಮ್ಮದಿಯನ್ನೇ ಕೂಲಿಯೆಂದು ಎಣಿಸುವುದು ಅನ್ಯಾಯ. ಹಾಡುವವರಿಗೆ ಹಾಡುವಾಗ ಸುಖವಿದೆ, ಅವರ ಕಛೇರಿಗೆ ಸಂಭಾವನೆಯಿದೆ. ಕ್ರಿಕೆಟ್ ಆಡುವವರಿಗೆ ಆಟದಲ್ಲಿ ಖುಷಿಯಿದೆ, ಅವರ ಕರಾರು ಕೋಟಿಗಳಲ್ಲಿದೆ. ಕೆಲಸದಲ್ಲಿ ಖುಷಿ ಸಿಕ್ಕಿತೆಂಬ ಕಾರಣಕ್ಕೆ ಸಂಬಳ ಬಿಡಬೇಕಾದವರು ಹೆಂಗಸರು ಮಾತ್ರವೇ?

ಇದು ಹೆಂಗಸರ ಕೈಗೇ ಒಗ್ಗಿದ ಕೆಲಸ ಎನ್ನುವುದಕ್ಕೂ ಆಧಾರವಿಲ್ಲ. ಪೆರುವಿನ ಟಿಟಿಕಾಕಾ ಸರೋವರದ ತಕೀಲೆ ದ್ವೀಪದಲ್ಲಿ ಟೋಪಿ ಹೆಣೆಯುವುದು ಗಂಡಸರ ಕೆಲಸ, ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಯುನೆಸ್ಕೋ ಆ ದ್ವೀಪದ ಜವಳಿ ಕಲೆಯನ್ನು 2005ರಲ್ಲಿ ಗುರುತಿಸಿ, 2008ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಯುರೋಪಿನಲ್ಲಿ ಹೆಣಿಗೆ ಗಂಡಸರ ಸಂಘಗಳ ಕೈಯಲ್ಲಿದ್ದ ಕಾಲದಲ್ಲಿ ಅದು ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ ಕಲಿಯಬೇಕಾದ ಕಸುಬು, ಮರ್ಯಾದೆಯ ವೃತ್ತಿ. ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಅಂಥ ಕುಶಲಿಯೊಬ್ಬ 1781ರಲ್ಲಿ ಹೆಣೆದ ಜಮಖಾನ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಗಂಡಸಿನ ಕೈಯಲ್ಲಿದ್ದಾಗ ಕಸುಬು, ಹೆಂಗಸಿನ ಕೈಗೆ ಬಂದಾಗ ಕಾಲಹರಣ. ಬದಲಾದದ್ದು ಕೆಲಸವೋ, ಕೆಲಸ ಮಾಡುವ ಕೈಯೋ?

ಯಂತ್ರ ಬಂದ ಮೇಲೆ ಕೈಗೇಕೆ ಬೆಲೆ ಎಂಬ ಪ್ರಶ್ನೆಯನ್ನೂ ಎಸೆಯುತ್ತಾರೆ. ಚಳಿಗಾಲ ಬಂದರೆ ಬೆಂಗಳೂರು, ಮೈಸೂರಿನ ರಸ್ತೆಬದಿಯಲ್ಲಿ ಟಿಬೆಟನ್ ವ್ಯಾಪಾರಿಗಳ ಸ್ವೆಟರ್ ಸಾಲು ಕೂರುತ್ತದೆ. ಅಲ್ಲಿನ ಬಹುಪಾಲು ಸರಕು ಲುಧಿಯಾನದ ಯಂತ್ರಗಳದ್ದು. ಅದರ ಬೆಲೆಯನ್ನು ಹಿಡಿದು ಕೈಹೆಣಿಗೆಯನ್ನು ಅಳೆಯುವುದು ಮಿಲ್ ಬಟ್ಟೆಯ ಬೆಲೆಗೆ ಇಳಕಲ್ ಸೀರೆ ಕೇಳಿದಂತೆ. ಕ್ರೋಶಾದ ವಿಚಾರವಂತೂ ಇನ್ನೂ ಕಠೋರ. ನಿಜವಾದ ಕ್ರೋಶಾವನ್ನು ಮಾಡಿ ಮಾರುಕಟ್ಟೆಗೆ ಸುರಿಯುವ ಯಂತ್ರ ಇನ್ನೂ ಬಂದಿಲ್ಲ. ಹಾಗಾದರೆ ಬಟ್ಟೆ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ತೂಗುವ ನಿಜವಾದ ಕ್ರೋಶಾ ಟಾಪ್‌ನ ಒಂದೊಂದು ಕುಣಿಕೆಯನ್ನೂ ಯಾವುದೋ ಮನೆಯ ಯಾವುದೋ ಹೆಂಗಸು ಕೈಯಲ್ಲೇ ಹಾಕಿದ್ದಾಳೆ. ಅಂಗಡಿ ಬಾಡಿಗೆ, ಸಾಗಣೆ, ಲಾಭ ಎಲ್ಲ ಕಳೆದ ಮೇಲೆ ಆಕೆಯ ಗಂಟೆಗೆ ಎಷ್ಟು ಉಳಿದಿರಬಹುದು? ಕೊಳ್ಳುವವರು ಆ ಲೆಕ್ಕವನ್ನು ಒಮ್ಮೆ ಹಾಕಲಿ.

ಸರ್ಕಾರದ ಕಣ್ಣಿಗೂ ಇದು ಕಾಣುತ್ತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಹೆಸರಿಸಿ, ಅವುಗಳಿಗೆ ತರಬೇತಿ, ಸಲಕರಣೆಗೆ ನೆರವು, ಸಾಲದ ಅನುಕೂಲ ಕೊಟ್ಟಿದೆ. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಹೂಮಾಲೆ ಕಟ್ಟುವವರು, ಮೀನಿನ ಬಲೆ ಹೆಣೆಯುವವರು ಅದರಲ್ಲಿದ್ದಾರೆ. ಇರಬೇಕಾದವರೇ. ಬಲೆಯ ಗಂಟು ಕಸುಬಾದರೆ ಸ್ವೆಟರಿನ ಕುಣಿಕೆ ಏಕೆ ಕಸುಬಲ್ಲ? ಉಲ್ಲನ್ ಹೆಣೆಯುವವರು, ಕ್ರೋಶಾ ಹಾಕುವವರು ಆ ಹದಿನೆಂಟರಲ್ಲಿ ಇಲ್ಲ. ಟೈಂಪಾಸ್ ಎಂದು ಸಮಾಜ ಕರೆದದ್ದನ್ನು ಕಸುಬೆಂದು ಕರೆಯಲು ಯಾವ ಅಧಿಕಾರಿಗೂ ತೋಚಲಿಲ್ಲ.

ಈ ಆರೋಪಪಟ್ಟಿಯಲ್ಲಿ ಹೆಣೆಯುವವರ ಹೆಸರೂ ಇದೆ. ಯಾರಾದರೂ ಹೊಗಳಿದ ಕೂಡಲೇ “ಅಯ್ಯೋ, ಏನೋ ಸುಮ್ನೆ ಟೈಂಪಾಸ್‌ಗೆ ಮಾಡಿದ್ದು” ಎನ್ನುವವರು ಅವರೇ. ಅದನ್ನು ವಿನಯವೆಂದು ಅವರಿಗೆ ಕಲಿಸಲಾಗಿದೆ. ಆದರೆ ಒಬ್ಬರು ಪುಕ್ಕಟೆ ಕೊಟ್ಟ ಕೌಲ್ ಮುಂದಿನ ಬೀದಿಯಲ್ಲಿ ಅದನ್ನೇ ಮಾರಿ ಮಗಳ ಫೀಸು ಕಟ್ಟಬೇಕಾದವಳ ಬೆಲೆಯನ್ನು ಮುರಿಯುತ್ತದೆ. “ಅವರು ಸುಮ್ಮನೇ ಕೊಟ್ಟರಲ್ಲ, ನೀವ್ಯಾಕೆ ಇಷ್ಟು ಕೇಳ್ತೀರಿ?” ಎಂಬ ಮಾತನ್ನು ಕೇಳಿಸಿಕೊಳ್ಳುವವಳು ಅವಳು. ಮೊಮ್ಮಗುವಿಗೆ ಕುಲಾವಿ ಹೆಣೆಯುವ ಅಜ್ಜಿಗೆ ಯಾರೂ ಬಿಲ್ ಕೇಳು ಎನ್ನುತ್ತಿಲ್ಲ. ಪ್ರೀತಿಯಿಂದ ಕೊಡುವುದು ಆಕೆಯ ಇಷ್ಟ. ಆ ಪ್ರೀತಿಯನ್ನು ನೆರೆಹೊರೆಯವರು, ಸಹೋದ್ಯೋಗಿಗಳು, ಅಂಗಡಿಯವರು ತಮ್ಮ ಹಕ್ಕೆಂದು ತಿಳಿಯುವುದು ನಿಲ್ಲಬೇಕು.

ಏನು ಮಾಡಬೇಕೆಂಬುದು ಸ್ಪಷ್ಟವಾಗಿಯೇ ಇದೆ. ಹೆಣೆದು ಮಾರುವ ಪ್ರತಿಯೊಬ್ಬರೂ ಚೀಟಿಯಲ್ಲಿ ಉಲ್ಲನ್ ಬೆಲೆಯ ಪಕ್ಕದಲ್ಲಿ ಗಂಟೆಗಳನ್ನೂ ಬರೆಯಲಿ, ಗಂಟೆಗಿಷ್ಟು ಎಂದು ದರ ಹಾಕಲಿ, ಅದಕ್ಕಿಂತ ಕೆಳಗೆ ಇಳಿಯದಿರಲಿ. ಸ್ವಸಹಾಯ ಸಂಘಗಳು ಒಟ್ಟಾಗಿ ಕುಳಿತು ಒಂದು ದರ ನಿಗದಿ ಮಾಡಲಿ. ಒಬ್ಬೊಬ್ಬರೇ ಚೌಕಾಸಿಗೆ ಸಿಕ್ಕರೆ ಎಲ್ಲರೂ ಸೋಲುತ್ತಾರೆ. ಸರ್ಕಾರ ವಿಶ್ವಕರ್ಮ ಪಟ್ಟಿಗೆ ಕೈಹೆಣಿಗೆಯನ್ನೂ ಕ್ರೋಶಾವನ್ನೂ ಸೇರಿಸಲಿ. ಶಾಲೆಗಳಲ್ಲಿ ಹೆಣಿಗೆಯನ್ನು ಹೆಣ್ಣುಮಕ್ಕಳ ಕ್ರಾಫ್ಟ್ ಪೀರಿಯಡ್ಡಿನಿಂದ ಬಿಡಿಸಿ ಗಣಿತದ ತರಗತಿಗೆ ತರಲಿ, ಹುಡುಗರ ಕೈಗೂ ಕಡ್ಡಿ ಕೊಡಲಿ. 120ಕ್ಕಿಂತ 121 ಏಕೆ ಸುಲಭ ಎಂದು ಮಕ್ಕಳು ಹೆಣೆದೇ ಕಂಡುಕೊಳ್ಳಲಿ.

ಈ ಚಳಿಗಾಲದಲ್ಲಿ ಯಾರ ಕೊರಳಿಗಾದರೂ ಕೈಯಲ್ಲಿ ಹೆಣೆದ ಬಣ್ಣದ ಕೌಲ್ ಬಂದರೆ ಅವರು ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಲಿ. ನೀಲಿಯೊಳಗೆ ಹಸಿರಿನ ಗುಬುಟು ಎಲ್ಲಿ ಬಂದು ಕೂತಿದೆ, ಸುತ್ತು ಎಲ್ಲಿ ಸೇರಿದೆ, ತುದಿ ದಾರ ಎಲ್ಲಿ ಮಾಯವಾಗಿದೆ ಎಂದು ಬೆರಳಿನಿಂದ ಹುಡುಕಲಿ. ಆಮೇಲೆ ಹೆಣೆದವರ ಹತ್ತಿರ ಹೋಗಿ “ಎಷ್ಟು ಗಂಟೆ ಹಿಡಿಯಿತು ಆಂಟಿ?” ಎಂದು ಕೇಳಲಿ. ಅವರು “ಅಯ್ಯೋ ಬಿಡು” ಎಂದರೆ ಬಿಡದೆ, ಉತ್ತರ ಸಿಗುವವರೆಗೆ ನಿಂತು, ಅಷ್ಟು ಗಂಟೆಯ ಹಣವನ್ನು ಎಣಿಸಿ ಅವರ ಕೈಗಿಡಲಿ.